ಹಿಡಿದು ನಿಲ್ಲುವ ಕೆಲಸ

ಗರಗಸ ಕೊಯ್ಯುತ್ತದೆ, ಅರ ಉಜ್ಜುತ್ತದೆ, ಸುತ್ತಿಗೆ ಬಡಿಯುತ್ತದೆ. ಬೆಂಚ್ ವೈಸ್ ಮಾತ್ರ ಕೊಟ್ಟದ್ದನ್ನು ಕಚ್ಚಿ ಹಿಡಿದು ಸುಮ್ಮನಿರುತ್ತದೆ. ಇಂಥದ್ದನ್ನು ಹುಡುಕಿ ಕೂಡಿಡುವವರೂ ಇದ್ದಾರೆ ಎಂದರೆ ಮೊದಲು ನಗು ಬರುತ್ತದೆ. ಅವರ ಪಕ್ಕ ಸ್ವಲ್ಪ ಹೊತ್ತು ನಿಂತರೆ ನಗು ಹೋಗಿ ಬೆರಗು ಶುರುವಾಗುತ್ತದೆ.

ಸಿಕ್ಕ ಹಳೆಯ ವೈಸಿನ ಮೇಲೆ ತುಕ್ಕು, ಜಿಡ್ಡು, ಯಾರೋ ಬಳಿದ ನಾಲ್ಕು ಪದರ ಬಣ್ಣ. ತಂತಿ ಬ್ರಷ್ಷಿನಿಂದ ಕೆರೆಯುತ್ತಾ ಹೋದರೆ ಎರಕದ ಅಕ್ಷರಗಳು ಮೇಲೇಳುತ್ತವೆ: ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್, ಅಮೆರಿಕದ ಮೆರಿಡೆನ್ ಊರಿನ ಚಾರ್ಲ್ಸ್ ಪಾರ್ಕರ್, ಅದೇ ದೇಶದ ಈರಿ ಊರಿನ ರೀಡ್. ಹೆಸರು ಸವೆದುಹೋಗಿದ್ದರೆ ದವಡೆಯ ಅಗಲ, ಮೈಯ ಬಾಗು, ತಳವನ್ನು ತಿರುಗಿಸಿ ಬಿಗಿಮಾಡುವ ಬಗೆ, ಇಷ್ಟರಿಂದಲೇ ಮನೆತನ ಹೇಳಬಲ್ಲವರಿದ್ದಾರೆ.

1941ರಲ್ಲಿ ಹ್ಯೂ ವೋಗಲ್ ಎಂಬ ಜೆಕ್ ವಲಸಿಗ ಷಿಕಾಗೋದಲ್ಲಿ ಶುರುಮಾಡಿದ ವಿಲ್ಟನ್ ಕಂಪನಿಯ ವೈಸ್ ಇವರಿಗೆ ಬಲು ಪ್ರೀತಿ. ಬಂದೂಕಿನ ಗುಂಡಿನಂತೆ ದುಂಡಗಿನ ಮೈ. ಸ್ಕ್ರೂ ಒಳಗೇ ಅಡಗಿರುವುದರಿಂದ ಅರದ ಪುಡಿ ತಾಗುವುದಿಲ್ಲ. ಮುಂದಿನ ದವಡೆಯನ್ನು ಪೂರ್ತಿ ಹೊರಗೆಳೆದು ಅಡಿಯಿಂದ ನೋಡಿದರೆ ಒಂದು ತಿಂಗಳು, ಒಂದು ಇಸವಿ ಒತ್ತಿರುತ್ತಾರೆ. ಮೊದಮೊದಲಿನ ಕೆಲವನ್ನು ಬಿಟ್ಟರೆ ಅದು ಹುಟ್ಟಿದ ತಾರೀಕಲ್ಲ, 5 ವರ್ಷದ ಗ್ಯಾರಂಟಿ ಮುಗಿಯುವ ತಾರೀಕು. 1955 ಎಂದಿದ್ದರೆ ಹುಟ್ಟಿದ್ದು 1950ರಲ್ಲಿ. ಇಲ್ಲಿಯವರೆಗೆ ಮಾತ್ರ ನಮ್ಮ ಜವಾಬ್ದಾರಿ ಎಂದು ಕಂಪನಿ ಗೆರೆ ಎಳೆದಿತ್ತು. ಉಳಿದ ಎಪ್ಪತ್ತು ವರ್ಷ ಕಬ್ಬಿಣ ತನ್ನ ಪಾಡಿಗೆ ಹಿಡಿಯುತ್ತಲೇ ಬಂದಿದೆ.

ಇನ್ನೂ ಹಿಂದೆ ಹೋದರೆ ಕಮ್ಮಾರರ ಕಾಲಿನ ವೈಸ್. ಒಂದು ಕಾಲು ನೆಲಕ್ಕೂರಿ ಸುತ್ತಿಗೆಯ ಏಟನ್ನು ಭೂಮಿಗೇ ದಾಟಿಸುವ ಉಪಾಯ. ಅವುಗಳ ಹಳೆಯ ಮಾದರಿಗಳಲ್ಲಿ ಒಳಮರೆಯನ್ನು ಕೊರೆಯುತ್ತಿರಲಿಲ್ಲ. ಚೌಕ ಪಟ್ಟಿಯನ್ನು ಸುರುಳಿ ಸುತ್ತಿ, ಕೊಳವೆಯೊಳಗೆ ಕೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಕತ್ತಲ ಕೊಳವೆಗೆ ಟಾರ್ಚ್ ಬಿಟ್ಟು ಆ ಹಳದಿ ಅಂಚನ್ನು ನೋಡಿದವರು ಅದರ ಬೆಲೆ ಕೇಳುವುದನ್ನೇ ಮರೆಯಬಹುದು!

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸ್ಕ್ರೂವಿನ ಲೆಕ್ಕ. ಹಿಡಿಯ ತುದಿ ನಡುವಿನಿಂದ 20 ಸೆಂ.ಮೀ. ದೂರವಿದೆ, ಒಂದು ಸುತ್ತು ತಿರುಗಿಸಿದರೆ ದವಡೆ 5 ಮಿ.ಮೀ. ಸರಿಯುತ್ತದೆ ಎನ್ನಿ. ಕೈ 125 ಸೆಂ.ಮೀ.ಗೂ ಹೆಚ್ಚು ಸುತ್ತಿ ಬರುತ್ತದೆ. ಲೆಕ್ಕದ ಪ್ರಕಾರ ಬಲ 250 ಪಟ್ಟು ಆಗಬೇಕು. ಆದರೆ ದವಡೆಗೆ ತಲುಪುವುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನೆಲ್ಲ ಮರೆಗಳ ನಡುವಿನ ಘರ್ಷಣೆ ನುಂಗುತ್ತದೆ. ಛೆ, ಎಷ್ಟು ನಷ್ಟ ಅನ್ನಿಸುತ್ತದಲ್ಲವೇ? ಆ ನಷ್ಟವೇ ಹಿಡಿತ. ಅರ್ಧಕ್ಕಿಂತ ಕಡಿಮೆ ನುಂಗುವ ಸ್ಕ್ರೂ, ಕೈ ಬಿಟ್ಟ ಕೂಡಲೇ ಹಿಂದಕ್ಕೆ ತಿರುಗಿ ವಸ್ತುವನ್ನು ಕೆಳಗೆ ಬೀಳಿಸಿಬಿಡುತ್ತದೆ.

ಕೆಲವರು ವೈಸಿನ ಮೈಮೇಲಿನ ಡ್ರಿಲ್ಲಿನ ಕುಳಿ, ಗರಗಸದ ಗೀರುಗಳಿಗೆ ಪುಟ್ಟಿ ತುಂಬಿ, ಹೊಳೆಯುವ ಬಣ್ಣ ಹೊಡೆದು ಇಡುತ್ತಾರೆ. ನನಗದು ಒಪ್ಪುವುದಿಲ್ಲ. ಹೆಸರು, ತಾರೀಕುಗಳು ಮಾಡಿದವರ ಸಂಗತಿ. ಬಳಸಿದವರ ಸಂಗತಿ ಈ ಗಾಯಗಳಲ್ಲಷ್ಟೇ ಇದೆ. ದವಡೆಯ ಹಲ್ಲುಗಳು ಒಂದೇ ತುದಿಯಲ್ಲಿ ನುಣ್ಣಗಾಗಿವೆಯೇ ನೋಡಿ. ನಡುವಿನ ಸ್ಕ್ರೂ ಅಡ್ಡ ಬರದಂತೆ ಉದ್ದದ ಸಲಾಕೆಗಳನ್ನು ನೆಟ್ಟಗೆ ನಿಲ್ಲಿಸಿ ಯಾರೋ ಆ ಮೂಲೆಯಲ್ಲೇ ಬಿಗಿಯುತ್ತಿದ್ದಿರಬೇಕು.