ಹಾಡದವರ ಲೆಕ್ಕ

ಕಾಸರಗೋಡಿನ ಕನ್ನಡಿಗರಾದ ನಾವು ಮಡಿವಾಳ ಹಕ್ಕಿ ಎನ್ನುವುದನ್ನು ನೆರೆಮನೆಯ ಮಲೆಯಾಳಿಗಳು ಮಣ್ಣಾತ್ತಿಪ್ಪುಳ್ಳ್ ಎನ್ನುತ್ತಾರೆ. ಎರಡೂ ಹೆಸರಿನಲ್ಲಿರುವುದು ಬಟ್ಟೆ ಒಗೆಯುವವರೇ. ನಮ್ಮ ತೊರಕೆ ಮೀನು ಅವರಿಗೆ ತಿರಂಡಿ. ಈ ಹಕ್ಕಿಯನ್ನೂ ಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಚಿತ್ರವೆನಿಸೀತು. ಆದರೆ ತೊರಕೆಗಳಲ್ಲಿ ಅತಿ ದೊಡ್ಡದಾದ ಮಾಂಟಾವನ್ನು ನೋಡಿ. ಗಂಡು ಮಡಿವಾಳದಂತೆ ಅದಕ್ಕೂ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಅದೂ ರೆಕ್ಕೆ ಬಡಿದಂತೆಯೇ ಈಜುತ್ತದೆ; ಆ ರೆಕ್ಕೆಗಳ ಹರವು 7 ಮೀಟರಿನವರೆಗೂ ಇರಬಲ್ಲದು.

ಒಂದು ಹಾಡುತ್ತದೆ, ಇನ್ನೊಂದು ಹಾಡುವುದಿಲ್ಲ. ಮಡಿವಾಳ ಸತ್ತು ಬಿದ್ದರೆ ಅಯ್ಯೋ ಎನ್ನುವ ನಾವು ದಡಕ್ಕೆ ಎಳೆದ ತೊರಕೆಯನ್ನು ಕಂಡು ಕಿಲೋಗೆ ಎಷ್ಟು ಎಂದು ಕೇಳುತ್ತೇವೆ. ಹಾಗಾದರೆ ನಮ್ಮ ಕರುಣೆ ಕಿವಿಯ ಕೆಲಸವೇ?

ಬ್ಯಾಂಕಿನ ಗುಮಾಸ್ತನಾದ ನನಗೆ ಅಸಲು-ಬಡ್ಡಿಯ ಲೆಕ್ಕ ರೂಢಿ. ಮಡಿವಾಳ ಒಮ್ಮೆಗೆ ಸಾಮಾನ್ಯವಾಗಿ 4-5 ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರದೊಳಗೆ ಮರಿಗಳು ಹೊರಬರುತ್ತವೆ. ಮಾಂಟಾ ವರ್ಷದಷ್ಟು ಕಾಲ ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಹಲವು ವರ್ಷ ಕಳೆಯಬಹುದು. ಅದನ್ನು ಹಿಡಿಯುವುದೆಂದರೆ ಅಸಲನ್ನೇ ತಿಂದಂತೆ. ಚೀನಾದ ಔಷಧಿ ಪೇಟೆಯಲ್ಲಿ ಅದರ ಕಿವಿರುಗಳಿಗೆ ಬೆಲೆ ಬಂತು. 2013ರಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ರಾಷ್ಟ್ರಗಳು ಮಾಂಟಾ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿಯಂತ್ರಣ ಹಾಕಬೇಕಾಯಿತು. ಬೆಸ್ತರನ್ನು ದೂರಿ ಫಲವಿಲ್ಲ. ಬೇರೆ ಮೀನಿಗೆ ಬೀಸಿದ ಬಲೆಗೂ ಅದು ಬೀಳುತ್ತದೆ.

ಇನ್ನು ಹಾಡಿದ ಹಕ್ಕಿಯಾದರೂ ಬದುಕಿತೇ? ಸಿಂಗಾಪುರದಲ್ಲಿ ಒಂದು ಕಾಲಕ್ಕೆ ಮನೆಯಂಗಳದಲ್ಲೇ ಕಾಣುತ್ತಿದ್ದ ಮಡಿವಾಳ 1980ರ ದಶಕದ ಹೊತ್ತಿಗೆ ಅಪರೂಪವಾಯಿತು. ಹಾಡು ಕೇಳಲೆಂದು ಹಿಡಿದು ಪಂಜರಕ್ಕೆ ಹಾಕಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಅಂದರೆ ಕಿವಿಗೆ ಹಿತವಾದುದನ್ನು ಮೆಚ್ಚುವುದೂ ಕರುಣೆ ತೋರುವುದೂ ಒಂದೇ ಅಲ್ಲ. ಮೆಚ್ಚುಗೆ ತನ್ನ ಸುಖವನ್ನು ಹುಡುಕುತ್ತದೆ. ಕರುಣೆಯು ಎದುರಿನ ಜೀವಕ್ಕೆ ಏನು ಬೇಕೆಂದು ವಿಚಾರಿಸಬೇಕು, ಅದು ಹಾಡಲಿ ಬಿಡಲಿ.

ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ಭಾಷೆ ನಡೆಯದ ಕಚೇರಿಯಲ್ಲಿ ಮುದುಕರೊಬ್ಬರು ಸುಮ್ಮನೆ ನಿಂತರೆ, ಅವರಿಗೇನೂ ಬೇಡವೆಂದು ತಿಳಿಯುವುದು ಎಷ್ಟು ಸುಲಭ! ನಮ್ಮ ಮೌನವನ್ನು ಇತರರು ಹಾಗೆ ಓದಬಾರದೆಂದು ಬಯಸುವ ನಾವು ಕಡಲ ಮೌನವನ್ನೂ ಹಾಗೆ ಓದಬಾರದು. ಮರುಕ ಹುಟ್ಟಲೆಂದು ಕಾಯದೆ, ಮೊದಲು ಲೆಕ್ಕ ಕೇಳೋಣ: ಎಷ್ಟು ಉಳಿದಿವೆ, ಹೋದದ್ದು ತುಂಬಲು ಎಷ್ಟು ವರ್ಷ ಬೇಕು?