ಕಂಬಳಿಯೊಳಗೆ ಇರುವವನು ಯಾರು?

ಲೆಫ್ಟಿನೆಂಟ್ ಜೇಮ್ಸ್ ರ‍್ಯಾಟ್ರೆ ಬರೆದ ಅಫ್ಘನ್ನರ ಚಿತ್ರಗಳನ್ನು ನೋಡಿದರೆ ನನ್ನಂಥ ನಿವೃತ್ತ ಡ್ರಾಯಿಂಗ್ ಮಾಸ್ತರನಿಗೆ ಮೊದಲು ಆಗುವುದು ಹೊಟ್ಟೆಕಿಚ್ಚು. ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಜತೆ ಮೊದಲನೇ ಅಫ್ಘನ್ ಯುದ್ಧಕ್ಕೆ ಹೋಗಿದ್ದ ಮನುಷ್ಯ. ಅವನ ಚಿತ್ರಗಳು ಲಂಡನ್ನಿನಲ್ಲಿ ಕಲ್ಲಚ್ಚಾಗಿ ಹೊರಬಂದದ್ದು 1848ರ ಸುಮಾರಿಗೆ. ಪೇಟದ ಸುತ್ತು, ನಿಲುವಂಗಿಯ ಮಡಿಕೆ, ಮೈಮುಚ್ಚುವ ಬುರ್ಕಾದ ನೆರಿಗೆ ಒಂದೊಂದೂ ಕೈಗೆ ಸಿಗುವಂತಿವೆ. ದೋಸ್ತ್ ಮಹಮ್ಮದನಿಗೆ ಹೆಸರಿದೆ, ಅವನು ದೊರೆ. ಉಳಿದವರಲ್ಲಿ ಬಹಳ ಮಂದಿ ಬರೀ ‘ಕಾಬೂಲಿನ ಹೆಂಗಸರು’, ‘ಕೊಹಿಸ್ತಾನದ ಕಾಲಾಳುಗಳು’.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನ ಕೈಯಿಂದ ಕಂಪನಿಯ ಕೈಗೆ ಹೋಯಿತು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಸರ್ವೇ ಮಾಡುತ್ತ ತಿರುಗುತ್ತಿದ್ದ ದಂಡಿನ ಅಧಿಕಾರಿ ಕಾಲಿನ್ ಮೆಕೆಂಜಿ, ಬಾಲಾಘಾಟ್ ಪ್ರದೇಶದ ಜನರ ಉಡುಗೆ ತೊಡುಗೆಗಳನ್ನು 1800–1801ರಲ್ಲಿ ಚಿತ್ರ ಮಾಡಿಸಿದ. ಆ ಆಲ್ಬಂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲೂ ಜಾತಿ, ಕಸುಬು ಮುಂದೆ, ಮನುಷ್ಯ ಹಿಂದೆ. ತಮಾಷೆ ನೋಡಿ, ಇದೇ ಸೀಮೆಯಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ರೈತವಾರಿ ಲೆಕ್ಕದಲ್ಲಿ ಒಬ್ಬೊಬ್ಬ ರೈತನಿಗೂ ಹೆಸರಿತ್ತು. ಕಂದಾಯ ವಸೂಲಿಗೆ ಹೆಸರು ಬೇಕು, ಚಿತ್ರಕ್ಕೆ ಅಂಗಿ ಸಾಕು.

ಉಟ್ಟದ್ದನ್ನು ಬರೆದರೆ ಉಟ್ಟವನನ್ನು ಬರೆದಂತಾಯಿತೇ? ಇದಕ್ಕೆ ಉತ್ತರ ಮೆಕೆಂಜಿಯ ಬೆನ್ನ ಹಿಂದೆಯೇ ಇತ್ತು. 1816ರಲ್ಲಿ ಥಾಮಸ್ ಹಿಕಿ ಅವನ ಭಾವಚಿತ್ರ ಬರೆದ. ಕೆಂಪು ಕೋಟಿನ ಕರ್ನಲ್, ಅಕ್ಕಪಕ್ಕ ಮೂವರು ದೇಶೀಯ ಸಹಾಯಕರು, ದೂರದ ಗುಡ್ಡದ ಮೇಲೆ ಗೊಮ್ಮಟ. ಜನರ ಬಟ್ಟೆಬರೆ ಲೆಕ್ಕ ಹಾಕಿದವನ ಚಿತ್ರದಲ್ಲಿ ಬಟ್ಟೆಯನ್ನೇ ಬಿಟ್ಟು ನಿಂತವನು! ಅವನನ್ನು ಯಾವ ಉಡುಗೆಯ ಪಟ್ಟಿಗೆ ಸೇರಿಸುವುದು?

ಎಲ್ಲ ತೊರೆದವನದು ಒಂದು ದಾರಿ. ತೊಟ್ಟೇ ತನ್ನನ್ನು ಬಿಟ್ಟುಕೊಡುವವನನ್ನು ನೋಡಬೇಕಾದರೆ ಭರತ ಹುಣ್ಣಿಮೆಯ ಜಾತ್ರೆಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬರಬೇಕು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದೆಲ್ಲ ಜನ ಬರುತ್ತಾರೆ. ಮೈಲಾರಲಿಂಗನ ದೀಕ್ಷೆ ಪಡೆದ ಗೊರವಯ್ಯಗಳ ಮೈಮೇಲೆ ಕರಿ ಕಂಬಳಿ, ಕೊರಳಲ್ಲಿ ಕವಡೆ ಸರ, ಕೈಯಲ್ಲಿ ಡಮರುಗ, ಹಣೆ ತುಂಬ ಅರಿಶಿನದ ಭಂಡಾರ. ಆ ಕಂಬಳಿಯ ಕಪ್ಪು ಹಾಳೆಯ ಮೇಲೆ ಸುಲಭಕ್ಕೆ ಬರುವುದಿಲ್ಲ. ಒರಟು ಉಣ್ಣೆಯ ಮೇಲೆ ಅರಿಶಿನ ಕೂತಾಗ ಅದು ಕಪ್ಪೂ ಅಲ್ಲ, ಹಳದಿಯೂ ಅಲ್ಲ. ಬಿಸಿಲಿಗೆ ಪಾಚಿಯ ಹಸಿರು ಕಾಣುತ್ತದೆ. ದೋಣಿ ಎಂಬ ಪಾತ್ರೆಗೆ ಹಾಕಿದ ಎಡೆಯನ್ನು ಅವರು ನಾಯಿಗಳ ಹಾಗೆ ಬೊಗಳುತ್ತ ಬಾಯಿ ಹಾಕಿ ಉಣ್ಣುತ್ತಾರೆ. ಉಪವಾಸವಿದ್ದ ಗೊರವಯ್ಯ ಡೆಂಕಣಮರಡಿಯಲ್ಲಿ ಬಿಲ್ಲನ್ನೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿದಾಗ, ಆ ನುಡಿ ಅವನದೆಂದು ಯಾರೂ ಹೇಳುವುದಿಲ್ಲ. ಅದು ಮೈಲಾರಲಿಂಗನದು.

ನಮ್ಮ ಓಣಿಯ ಗೊರವ ಒಬ್ಬನಿದ್ದಾನೆ, ವರ್ಷವಿಡೀ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನು. ಜಾತ್ರೆಯಲ್ಲಿ ನಾನು ಅವನ ಹೆಸರು ಹಿಡಿದು ಕೂಗಿದರೆ ತಿರುಗಿ ಬೊಗಳಿದ. ಅವನ ಚಿತ್ರ ಮುಗಿಸಿ ಆಮೇಲೊಂದು ದಿನ ಕೊಡಲು ಹೋದೆ. ನೋಡಿ ನಕ್ಕು, “ಚಲೋ ಬಂದೈತ್ರಿ ಮಾಸ್ತರ. ಆದ್ರ ಇದು ನಾನಲ್ಲ, ಮೈಲಾರಪ್ಪನ ನಾಯಿ. ನಾನು ಬೇಕಾದ್ರ ಈಗ ಬರೀರಿ” ಎಂದು ತಕ್ಕಡಿ ಮುಂದೆ ನೆಟ್ಟಗೆ ಕೂತ.

ದಂಡಿನ ಚಿತ್ರಕಾರರ ಕೈ ನುರಿತದ್ದು, ಅನುಮಾನವಿಲ್ಲ. ಅವರು ಸೋತದ್ದು ತತ್ತ್ವದಲ್ಲಿ. ಉಡುಗೆಯೆಂದರೆ ಮನುಷ್ಯ ಏನು ಎಂಬುದರ ಗುರುತು ಎಂದು ಅವರು ತಿಳಿದರು. ಗೊರವನಿಗೆ ಅದು ತಾನು ಯಾರಿಗೆ ಸೇರಿದವನು ಎಂಬ ದೀಕ್ಷೆ, ಅದೂ ಕಂಬಳಿ ಹೊದ್ದಿರುವ ತನಕ. ಎಲ್ಲ ಉಡುಗೆಯೂ ದೀಕ್ಷೆಯಲ್ಲ, ಬಿಡಿ. ನಾನು ಖಾದಿ ತೊಡುವುದು ಬರೀ ಸೆಕೆಗೆ. ಕಾಬೂಲಿನ ಆ ಹೆಂಗಸರ ಬುರ್ಕಾದ ಹಿಂದೆ ಭಕ್ತಿಯಿತ್ತೋ, ರೂಢಿಯಿತ್ತೋ, ಬೇಸರವಿತ್ತೋ, ಅವರನ್ನು ಕೇಳದೆ ತಿಳಿಯುವುದಲ್ಲ.

ಹೆಸರಿಲ್ಲದಿರುವುದೇ ಅವಮಾನ ಎಂದೂ ನಾನು ಹೇಳುತ್ತಿಲ್ಲ. ಬಹುತೇಕ ಶರಣರು ವಚನಕ್ಕೆ ಹಾಕಿದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಅಂಕಿತವನ್ನು. ತಾನಾಗಿ ಬಿಟ್ಟ ಹೆಸರು ಬೇರೆ, ಬರೆಯುವವನು ಬೇಡವೆಂದು ಬಿಟ್ಟ ಹೆಸರು ಬೇರೆ. ಮೊದಲನೆಯದು ವೈರಾಗ್ಯ, ಎರಡನೆಯದು ಉಡಾಫೆ.

ಈಗ ಮೈಲಾರದಲ್ಲಿ ಪೆನ್ಸಿಲ್ಲಿಗಿಂತ ಮೊಬೈಲು ಹೆಚ್ಚು. ಫೋಟೊ ತೆಗೆಯುವವರಲ್ಲಿ ಒಂದು ವಿನಂತಿ: ಜಾತ್ರೆ ಇಳಿದ ಮೇಲೆ, ಕಂಬಳಿ ಮಡಚಿಟ್ಟ ಆ ಮನುಷ್ಯನ ಹತ್ತಿರ ಹೋಗಿ ಹೆಸರು, ಊರು ಕೇಳಿ. ಹೇಳಿದರೆ ಫೋಟೊದ ಕೆಳಗೆ ಬರೆಯಿರಿ. ಮೈಲಾರಪ್ಪನ ನಾಯಿ ಅಂತಲೇ ಬರೀರಿ ಎಂದರೆ ಹಾಗೇ ಬರೆಯಿರಿ.