ಅಂಗಳದ ಕಲೆ, ಅಂತರಂಗದ ಕಲೆ

ಜಿನಮಂದಿರದ ಅಂಗಳವನ್ನು ಶುಚಿಯಾಗಿಡುವುದು ಶ್ರಾವಕರ ಕರ್ತವ್ಯ. ಆದರೆ ಆ ಶುಚಿತ್ವಕ್ಕಾಗಿ ಜೀವಹಾನಿಯಾಗುವುದಾದರೆ ಅದು ಧರ್ಮವೋ, ಅಧರ್ಮವೋ? ಕಳೆದ ಮಳೆಗಾಲದಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ನಮ್ಮ ವಯನಾಡಿನ ಮಳೆಗೆ ಪ್ರದಕ್ಷಿಣಾ ಪಥದ ಗ್ರಾನೈಟ್ ಹಾಸುಗಲ್ಲುಗಳ ಮೇಲೆ ಪಾಚಿ ಬೆಳೆಯುವುದು ಸಹಜ. ಜೊತೆಗೆ ದೀಪದ ಬಳಿ ಎಣ್ಣೆಯ ಕಲೆ, ಗೇಟಿನ ಬಳಿ ತುಕ್ಕಿನ ಕಲೆ. ಕಳೆದ ವರ್ಷ ವೃದ್ಧ ಶ್ರಾವಿಕೆಯೊಬ್ಬರು ಅಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಟ್ರಸ್ಟಿನ ಸಭೆಯಲ್ಲಿ ಆಸಿಡ್ ಹಾಕಿ ತೊಳೆಸೋಣವೆಂಬ ಸಲಹೆ ಬಂದಿತು. ಆಸಿಡ್ ನನ್ನ ಅಂಗಡಿಯಲ್ಲೇ ದೊರೆಯುತ್ತಿದ್ದುದರಿಂದ ಎಲ್ಲರ ದೃಷ್ಟಿಯೂ ನನ್ನತ್ತ ಹೊರಳಿತು. ನಾನು ಮೌನವಾಗಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಮನೆಯಂಗಳವನ್ನು ಹಾಗೆಯೇ ತೊಳೆಸಿದ್ದೆನು. ಪಾಚಿ ಹೋಯಿತು, ಆ ನೀರು ಹರಿದ ತೋಟದ ಬದಿಯಲ್ಲಿ ಎರೆಹುಳುಗಳು ಸತ್ತು ಬಿದ್ದಿದ್ದವು. ಕಲ್ಲಿನಲ್ಲಿದ್ದ ಕಬ್ಬಿಣದಂಶಕ್ಕೆ ಆಸಿಡ್ ತಗಲಿ ಬಿಳಿಗಲ್ಲು ಹಳದಿಯಾಯಿತು. ಸಂದುಗಳ ಸಿಮೆಂಟೂ ಸವೆಯಿತು. ಒಂದು ಕಲೆಯನ್ನು ಕಳೆಯಹೋಗಿ ಎರಡನ್ನು ಗಳಿಸಿದ್ದೆನು. ಒಂದು ಕಲ್ಲಿನ ಮೇಲೆ, ಇನ್ನೊಂದು ನನ್ನ ಮೇಲೆ.

ಪಾಚಿಯೂ ಏಕೇಂದ್ರಿಯ ಜೀವವೇ. ಹಾಗೆಂದು ಜಾರುವ ದಾರಿಯನ್ನು ಇದ್ದಂತೆಯೇ ಬಿಡುವುದು ದಯೆಯಲ್ಲ. ಅಲ್ಲಿ ಬೀಳುವವರು ಪಂಚೇಂದ್ರಿಯ ಜೀವಿಗಳು. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು. ಉಳಿದವುಗಳಲ್ಲಿ ಎಚ್ಚರದಿಂದ ನಡೆಯಬೇಕು. ಗುಡಿಸುವುದು, ತೊಳೆಯುವುದು ಆರಂಭೀ ಹಿಂಸೆಗೆ ಸೇರಿದವು. ಆದರೆ ಸೌಮ್ಯವಾದ ದಾರಿ ತಿಳಿದಿದ್ದೂ, ಬೇಗ ಮುಗಿಯಲೆಂದು ಕ್ರೂರವಾದುದನ್ನು ಆರಿಸಿದರೆ ಅದು ಪ್ರಮಾದ. ಅನಿವಾರ್ಯವೆಂಬ ಮಾತು ಅಲ್ಲಿ ನಿಲ್ಲದು.

ಕರ್ಮದ ವಿಷಯದಲ್ಲಿ ನಾವು ಕಲಿತ ಕ್ರಮವೇ ಕಲ್ಲಿಗೂ ಸಲ್ಲುತ್ತದೆ: ಮೊದಲು ಸಂವರ, ಅನಂತರ ನಿರ್ಜರೆ. ಸೋರುತ್ತಿದ್ದ ದೋಣಿಯನ್ನು ಸರಿಪಡಿಸಿ ನೀರು ನಿಲ್ಲದಂತೆ ಮಾಡಿದೆವು. ದೀಪದಡಿಗೆ ತಟ್ಟೆಯಿಟ್ಟೆವು. ಗೇಟಿಗೆ ಬಣ್ಣ ಬಳಿಸಿದೆವು. ಮಳೆ ನಿಂತು ಕಲ್ಲು ಒಣಗಿದ ಮೇಲೆ, ಹುಳಹುಪ್ಪಟೆಗಳನ್ನು ಮೃದುವಾದ ಪೊರಕೆಯಿಂದ ಬದಿಗೆ ಸರಿಸಿ, ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿದೆವು. ತಂತಿಯ ಬ್ರಷ್ಷಿನ ಕಬ್ಬಿಣದ ಕಣಗಳು ಕಲ್ಲಿನಲ್ಲುಳಿದು ತುಕ್ಕಾಗುತ್ತವೆ. ಆದುದರಿಂದ ಅದನ್ನು ಮುಟ್ಟಲಿಲ್ಲ. ಎಣ್ಣೆಯ ಕಲೆಗೆ ಮುಲ್ತಾನಿ ಮಿಟ್ಟಿ ಮತ್ತು ವಾಷಿಂಗ್ ಸೋಡಾವನ್ನು ಸೋಸಿದ ನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಿ, ಒಂದು ದಿನ ಪ್ಲಾಸ್ಟಿಕ್ ಹೊದಿಸಿ, ಬಳಿಕ ಒಣಗಲು ಬಿಟ್ಟೆವು. ಒಣಗುವಾಗ ಮಣ್ಣು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮೂರು ಸಲ ಹಾಗೆ ಮಾಡಬೇಕಾಯಿತು.

ತುಕ್ಕಿನ ಕಲೆ ಮಾತ್ರ ಉಳಿದಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಅದರಿಂದ ಯಾರೂ ಜಾರುವುದಿಲ್ಲ. ಕೇವಲ ಕಣ್ಣಿನ ಸೊಗಸಿಗಾಗಿ ಘೋರ ಉಪಾಯ ಬೇಡವೆಂದು ಸಭೆ ಒಪ್ಪಿತು.

ವಿಷದ ವ್ಯಾಪಾರ ಶ್ರಾವಕನಿಗೆ ಸಲ್ಲದೆಂದು ಹಿರಿಯರು ಹೇಳುತ್ತಿದ್ದರು. ಅರವತ್ತು ದಾಟಿದ ಮೇಲೆ ಆ ಮಾತು ನನಗೆ ಅರ್ಥವಾಯಿತು. ಅಂಗಡಿಯಲ್ಲಿ ಆಸಿಡ್ ಮಾರುವುದನ್ನು ನಿಲ್ಲಿಸಿದ್ದೇನೆ. ಉತ್ಸವಕ್ಕೆ ಬಂದವರು ಗೇಟಿನ ಬಳಿಯ ಆ ಕಂದು ಕಲೆಯನ್ನು ಕಂಡು ಟ್ರಸ್ಟಿನ ಅಲಕ್ಷ್ಯವೆಂದು ಬಗೆಯದಿರಲೆಂದು ವಿನಂತಿ.

ಜೈ ಜಿನೇಂದ್ರ.